ಸೆಕೆಯನ್ನು ಎಲ್ಲಿಗೆ ಕಳಿಸುವುದು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟಿದ್ದೆವು. ಅಪ್ಪ ಬಿಟ್ಟುಹೋದ 1976ರ ಪ್ರೀಮಿಯರ್ ಪದ್ಮಿನಿ. ತೊರವಿ ಬರುವಷ್ಟರಲ್ಲಿ ಬಾಗಿಲ ಮೇಲೆ ಮೊಣಕೈ ಊರಲಾಗದಷ್ಟು ತಗಡು ಕಾದಿತ್ತು. ಮುಂದಿನ ಬಾಗಿಲ ತ್ರಿಕೋನ ಗಾಜನ್ನು ತಿರುವಿದರೆ ಮುಖಕ್ಕೆ ರಾಚುತ್ತಿದ್ದದ್ದು ಬರೀ ಝಳ. ಕಿಟಕಿಗೆ ಸಿಕ್ಕಿಸಿದ್ದ ಹಸಿ ಟವೆಲು ಊರು ದಾಟುವ ಮೊದಲೇ ಒಣಗಿ ಹಪ್ಪಳವಾಗಿತ್ತು. ಹಿಂದಿನ ಸೀಟಿನಲ್ಲಿದ್ದ ಅವ್ವ ಸೆರಗಿನಿಂದ ಗಾಳಿ ಬೀಸಿಕೊಂಡು ಬೀಸಿಕೊಂಡು ಸಾಕಾಗಿ, "ತಮ್ಮಾ, ತಿರುಗಿ ಬರೂವಾಗ ನಾ ಬಸ್ಸಿಗೇ ಬರ್ತೀನಿ. ಇದ್ರಾಗ ಕುಂದ್ರೂದಂದ್ರ ಒಲಿ ಮ್ಯಾಲಿನ ಹಂಚಿನ ಮ್ಯಾಲ ಕುಂತಂಗ ಆಗ್ಯಾದ" ಅಂದಳು. ಅಂದಂತೆಯೇ ಬಸ್ಸಿಗೇ ಬಂದಳು.

ಆ ವರ್ಷ ಗಾಡಿ ಮಳೆಗಾಲ ಹಿಡಿಯುವವರೆಗೆ ಶೆಡ್ಡಿನಿಂದ ಹೊರಬರಲಿಲ್ಲ. ನಿಲ್ಲಿಸಿದ ಗಾಡಿ ಸುಖವಾಗಿರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಮೂರು ತಿಂಗಳು ನಿಂತರೆ ಬ್ಯಾಟರಿ ಇಳಿಯುತ್ತದೆ, ಕಾರ್ಬುರೇಟರಿನ ಜೆಟ್ಟಿನಲ್ಲಿ ಪೆಟ್ರೋಲು ಅಂಟುಗಟ್ಟುತ್ತದೆ, ಟೈರಿನ ಒಂದೇ ಜಾಗ ನೆಲಕ್ಕೊತ್ತಿ ಚಪ್ಪಟೆಯಾಗುತ್ತದೆ, ಬ್ರೇಕಿನ ರಬ್ಬರು ಗಟ್ಟಿಯಾಗುತ್ತದೆ. ಓಡಿಸುವವರಿಲ್ಲದೆ ಸತ್ತ ಹಳೆಯ ಗಾಡಿಗಳು ನಮ್ಮ ಭಾಗದಲ್ಲಿ ಎಷ್ಟು ಬೇಕು! ವಾಡೆಗಳ ಹಿತ್ತಲಲ್ಲಿ, ತೋಟದ ಮನೆಯ ಪತ್ರಾಸಿನ ಶೆಡ್ಡಿನಲ್ಲಿ, ಬೋನೆಟ್ಟಿನ ಮೇಲೆ ಕೋಳಿ ಕೂತ ಅಂಬಾಸಡರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆಮಂದಿ ಹತ್ತಿ ಕೂರಲು ಒಪ್ಪದ ಗಾಡಿಗೆ ಆಯುಷ್ಯವಿಲ್ಲ. ಹಳೆಯ ಕಾರಿಗೆ ಏಸಿ ಹಾಕಿಸಬೇಕೇ ಎಂಬ ಪ್ರಶ್ನೆಯನ್ನು ನಾನು ನೋಡುವುದು ಇಲ್ಲಿಂದ.

ಬೇಡ ಎನ್ನುವವರ ಮಾತಿಗೂ ತೂಕವಿದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಗಾಡಿಗಳ ಮುಂದೆ ನಿಂತವರಿಗೆ ಅದು ತಿಳಿಯುತ್ತದೆ. ಒಂದು ಕಾಲದ ಕೆಲಸಗಾರಿಕೆ, ಆ ಕಾಲದ ಲೋಹ, ಆ ಕಾಲದ ಗುಂಡಿಗಳು ಇದ್ದ ಹಾಗೇ ಉಳಿಯಬೇಕೆಂಬ ಆಸೆ ದೊಡ್ಡದು. 1930ರ ದಶಕದ ಗಾಡಿ, ಊರಿಗೊಂದೇ ಇದ್ದ ಗಾಡಿ, ಕಾರ್ಖಾನೆಯಿಂದ ಬಂದ ಬಣ್ಣವೂ ಇನ್ನೂ ಉಳಿದಿರುವ ಗಾಡಿ: ಇಂಥವಕ್ಕೆ ಕೈ ಹಚ್ಚಬಾರದು. ಅವು ಬೆಳಗಿನ ತಂಪಿನಲ್ಲಿ ನಾಲ್ಕು ಮೈಲಿ ಓಡಿದರೆ ಸಾಕು. ಆದರೆ ಪದ್ಮಿನಿ, ಅಂಬಾಸಡರುಗಳ ಮಾತು ಬೇರೆ. ಅಂಬಾಸಡರ್ ಉತ್ತರಪಾರಾದ ಕಾರ್ಖಾನೆಯಲ್ಲಿ 1957ರ ಸುಮಾರಿಗೆ ಶುರುವಾಗಿ 2014ರ ಮೇ ತಿಂಗಳವರೆಗೆ ತಯಾರಾಯಿತು. ಫಿಯಟ್ 1100 ಡಿಲೈಟ್ ಆಗಿ 1964ರಲ್ಲಿ ಬಂದು, 1974ರಲ್ಲಿ ಪದ್ಮಿನಿ ಎಂದು ಹೆಸರಾದ ಗಾಡಿ ಮುಂಬೈಯ ಕುರ್ಲಾದಲ್ಲಿ ಈ ಶತಮಾನದ ಹೊಸ್ತಿಲವರೆಗೂ ತಯಾರಾಯಿತು. ಇವು ಮದುವೆಗೆ, ಸಂತೆಗೆ, ಆಸ್ಪತ್ರೆಗೆ ಓಡಲೆಂದೇ ಹುಟ್ಟಿದವು. ಮುಂಬೈಗೆ ದುಡಿಯಲು ಹೋದ ನಮ್ಮ ಜಿಲ್ಲೆಯವರಿಗೆ ಅಲ್ಲಿಯ ನೀಲಿ ಬಣ್ಣದ 'ಕೂಲ್ ಕ್ಯಾಬ್' ನೆನಪಿರಬೇಕು. ಪದ್ಮಿನಿಗೆ ಏಸಿ ಕೂಡಿಸಿ ದಿನವಿಡೀ ಬಾಡಿಗೆಗೆ ಓಡಿಸಿದ ಊರು ಅದು. ಹೀಗಾಗಿ ಪದ್ಮಿನಿಗೆ ಏಸಿ ಒಗ್ಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಕಾನೂನಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅದಕ್ಕಿಂತ ಮುಖ್ಯವಾದದ್ದು, ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥ ಕೆಲಸಕ್ಕೆ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವವರು ಸಾಮಾನ್ಯ ನೋಂದಣಿಯಲ್ಲೇ ಇದ್ದು, 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಮೇಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಗಾಡಿಯ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಮಾರ್ಪಾಡನ್ನು. ಡ್ಯಾಶಿನ ಕೆಳಗೆ ಬೋಲ್ಟು ಹಾಕಿ ಕೂರಿಸಿದ ತಂಪಿನ ಪೆಟ್ಟಿಗೆ ಆ ಲೆಕ್ಕಕ್ಕೆ ಬರುವುದಿಲ್ಲವೆಂದು ನನ್ನ ತಿಳಿವಳಿಕೆ. ಚಾಸಿ ಕೊಯ್ದು ಬೇರೆ ಎಂಜಿನ್ ಕೂರಿಸುವುದು ಖಂಡಿತ ಬರುತ್ತದೆ.

ಈಗ ಬಿಸಿಲಿನ ವಿಷಯ. ನಮ್ಮೂರಲ್ಲಿ ಬಿಸಿಲನ್ನು ಅರಿತವರು ಮೊದಲೂ ಇದ್ದರು. ಗೋಳಗುಮ್ಮಟದ ಬುಡದಲ್ಲಿ ಗುಮ್ಮಟದ ದಪ್ಪವೇ ಸುಮಾರು 10 ಅಡಿ. 1656ರ ಹೊತ್ತಿಗೆ ಮುಗಿದ ಆ ಕಟ್ಟಡದೊಳಗೆ ಮೇ ತಿಂಗಳ ಮಧ್ಯಾಹ್ನ ಕಾಲಿಟ್ಟರೆ ನೆತ್ತಿ ತಣ್ಣಗಾಗುತ್ತದೆ. ಅಷ್ಟು ಕಲ್ಲುಗಾರೆ ಕಾಯುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ರಾತ್ರಿಯೆಲ್ಲ ಅದು ಆರಿ ಮತ್ತೆ ಬೆಳಗಾಗುತ್ತದೆ. ಊರಿಂದ ಸುಮಾರು 20 ಕಿಲೋಮೀಟರ್ ಪೂರ್ವಕ್ಕಿರುವ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಿಗೆಯ ಜಲಮಂಟಪಗಳಿವೆ. ಎತ್ತರಕ್ಕೆ ಏರಿಸಿದ ಕೆರೆಯ ನೀರು ಕೊಳವೆಗಳಲ್ಲಿ ಒತ್ತಡದಿಂದ ಬಂದು ಮಂಟಪದ ಚಾವಣಿಯಿಂದ ತುಂತುರಾಗಿ ಸುರಿಯುತ್ತಿತ್ತು. ಒಣ ಗಾಳಿಗೆ ನೀರು ಕುಡಿಸಿದರೆ ಅದು ತಣ್ಣಗಾಗುತ್ತದೆ ಎಂಬ ತಿಳಿವಳಿಕೆಯನ್ನೇ ಅಲ್ಲಿ ಕಲ್ಲಿನಲ್ಲಿ ಕಟ್ಟಿದ್ದಾರೆ. ಇವತ್ತು ವಿಜಯಪುರದ ಮನೆಮನೆಯ ಕಿಟಕಿಯಲ್ಲಿ ಗುಂಯ್ಗುಡುವ ಕೂಲರ್ ಮಾಡುವುದೂ ಅದನ್ನೇ.

ಕಾರಿನ ತಗಡು ಒಂದು ಮಿಲಿಮೀಟರಿನಷ್ಟು ದಪ್ಪ. ಹತ್ತು ಅಡಿ ಗಾರೆಗೆ ಒಂದು ಹಗಲು ಬೇಕಾದರೆ ಇದಕ್ಕೆ ಹತ್ತು ನಿಮಿಷ ಸಾಕು. ಹಾಗಾದರೆ ಕುಮಟಗಿಯ ದಾರಿ ಗಾಡಿಗೆ ಆಗುವುದೇ? ಅಮೆರಿಕದ ಮರುಭೂಮಿಯ ರಾಜ್ಯಗಳಲ್ಲಿ ಹಿಂದೆ ಕಾರಿನ ಕಿಟಕಿಗೆ ಸಿಲಿಂಡರಿನಂಥ ನೀರಿನ ಕೂಲರನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಹಸಿ ಟವೆಲಿನದೂ ಅದೇ ತತ್ವ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರುತ್ತದೆ, ಅದು ಸಣ್ಣದಲ್ಲ. 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡ 20 ತೇವ ಇರುವ ನಮ್ಮ ಮೇ ಮಧ್ಯಾಹ್ನದಲ್ಲಿ ಹಸಿ ಬಟ್ಟೆಯ ಉಷ್ಣತೆ 22 ಡಿಗ್ರಿಯವರೆಗೆ ಇಳಿಯಬಲ್ಲದು. ಜೀಪಿಗೆ, ಮೇಲ್ಛಾವಣಿ ತೆಗೆಯುವ ಗಾಡಿಗೆ ಏಸಿ ಹಾಕಿ ಉಪಯೋಗವಿಲ್ಲ, ಅಂಥ ಕಡೆ ಸಣ್ಣ ನೀರಿನ ಕೂಲರೇ ಸರಿ. ಮುಚ್ಚಿದ ಕಾರಿನಲ್ಲಿ ಮಾತ್ರ ಹಸಿಗಾಳಿ ಹೊರಹೋಗಲು ಕಿಟಕಿ ತೆರೆದಿಡಬೇಕು, ತೆರೆದರೆ ಧೂಳು. ಜೂನ್ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೆ ಅದರ ಆಟ ಮುಗಿಯಿತು. ನಾನು ಒಂದು ಬೇಸಿಗೆ ಇದನ್ನು ಮಾಡಿ ನೋಡಿದ್ದೇನೆ. ಅವ್ವನಿಗೆ ತಂಪಾಯಿತು, ಸೀಟಿನ ಹತ್ತಿ ಮಾತ್ರ ಮುಗ್ಗಲು ಹಿಡಿಯಿತು.

ಉಳಿಯುವುದು ಏಸಿ. ಏಸಿ ತಂಪನ್ನು ಹುಟ್ಟಿಸುತ್ತದೆ ಎಂಬ ಭಾವನೆಯನ್ನು ಮೊದಲು ತಲೆಯಿಂದ ತೆಗೆಯಬೇಕು. ಅದು ಹಮಾಲಿ ಕೆಲಸದ ಯಂತ್ರ. ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಒಯ್ದು ಚೆಲ್ಲುತ್ತದೆ. ಡ್ಯಾಶಿನ ಕೆಳಗಿನ ಕೂಲಿಂಗ್ ಕಾಯಿಲಿನಲ್ಲಿ ದ್ರವರೂಪದ ಗ್ಯಾಸ್ ಕುದಿದು ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ, ಡ್ರೈಯರ್ ದಾಟಿ, ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಂಡಿಯಿಂದ ನುಗ್ಗಿ ತಣ್ಣಗಾಗಿ ಒಳಗೆ ಬರುತ್ತದೆ. ಶಾಖ ಹರಿಯುವುದು ಬಿಸಿಯಿಂದ ತಂಪಿಗೆ ಮಾತ್ರ. ಹೊರಗೆ 42 ಡಿಗ್ರಿ ಇದ್ದರೆ, ಕಂಡೆನ್ಸರಿನೊಳಗಿನ ಗ್ಯಾಸ್ ಅದಕ್ಕಿಂತ ಸಾಕಷ್ಟು ಬಿಸಿಯಾಗಿರಲೇಬೇಕು, ಸುಮಾರು 60 ಡಿಗ್ರಿ. ಈಗ ಬಳಕೆಯಲ್ಲಿರುವ 134ಎ ಗ್ಯಾಸಿಗೆ ಆ ಉಷ್ಣತೆಯಲ್ಲಿ ಗೇಜಿನ ಮುಳ್ಳು 230 ಪಿಎಸ್‌ಐ ಹತ್ತಿರ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಸರಾಗವಾಗಿ ನಡೆಯುವ ಏಸಿ ಸೆಟ್ಟು ವಿಜಯಪುರದಲ್ಲಿ ಏದುಸಿರು ಬಿಡುವುದು ಇದಕ್ಕೇ.

ನಮ್ಮ ಹವೆಯಲ್ಲಿ ಒಂದು ಅನುಕೂಲವೂ ಇದೆ, ಇದನ್ನು ಹೇಳುವವರು ಕಡಿಮೆ. ಮಂಗಳೂರಿನಂಥ ಊರಲ್ಲಿ ಏಸಿಯ ದುಡಿಮೆಯಲ್ಲಿ ದೊಡ್ಡ ಪಾಲು ಗಾಳಿಯ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ, ಗಾಡಿಯ ಕೆಳಗೆ ಹನಿಹನಿಯಾಗಿ ಸೋರುವ ನೀರು ಅದೇ. ತಿಕೋಟಾ, ಬಬಲೇಶ್ವರದ ಗಾಳಿ ದ್ರಾಕ್ಷಿಯನ್ನು ಶೆಡ್ಡಿನ ನೆರಳಿನಲ್ಲೇ ಒಣಗಿಸಿ ಮಣೂಕ ಮಾಡುವಷ್ಟು ಒಣ. ಹಿಂಡಲು ನೀರೇ ಇಲ್ಲ, ಮಾಡಿದ ದುಡಿಮೆಯೆಲ್ಲ ಗಾಳಿಯನ್ನು ತಣಿಸುವುದಕ್ಕೇ ಬರುತ್ತದೆ. ಸಣ್ಣ ಕಾರಿನ ಸೆಟ್ಟು ನಮ್ಮಲ್ಲಿ ದೊಡ್ಡ ಗಾಡಿಗೂ ಸಾಲುತ್ತದೆ, ಬಿಸಿಲನ್ನು ಮೊದಲು ತಡೆದಿದ್ದರೆ.

ತಡೆಯುವ ಕೆಲಸವೇ ಮೊದಲು. ಇದರಲ್ಲಿ ಹೊಳಪಿಲ್ಲ, ಯಾರೂ ಹೊಗಳುವುದಿಲ್ಲ, ಗ್ಯಾರೇಜಿನವರಿಗೂ ಬೇಜಾರು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ವಯರು, ಕೇಬಲ್ಲು, ಪೆಡಲ್ಲಿನ ತೂತುಗಳಿರುತ್ತವೆ. ಅಲ್ಲಿಂದ ನುಗ್ಗುವ ಎಂಜಿನ್ ಶಾಖವೇ ನಮ್ಮ ಪದ್ಮಿನಿಯಲ್ಲಿ ಕಾಲು ಸುಡುತ್ತಿತ್ತು. ಎಲ್ಲಕ್ಕೂ ರಬ್ಬರ್ ಗ್ರಾಮೆಟ್ ಹಾಕಿಸಿದೆ. ನೆಲದ ಮ್ಯಾಟಿನ ಕೆಳಗೂ ಚಾವಣಿಯ ಬಟ್ಟೆಯ ಮೇಲೂ ನಮ್ದಾ ಎಂಬ ದಪ್ಪ ಹಾಸು ಹಾಕಿಸಿದೆ. ಬಾಗಿಲ ಬೀಡಿಂಗ್ ಹೊಸದಾಗಿ ಹಾಕಿಸಿ, ಬಾಗಿಲಿಗೆ ಹಾಳೆ ಸಿಕ್ಕಿಸಿ ಎಳೆದು ನೋಡಿದೆ. ಹಾಳೆ ಸಲೀಸಾಗಿ ಜಾರಿದ ಜಾಗದಲ್ಲಿ ಗಾಳಿ ಸೋರುತ್ತದೆ ಎಂದರ್ಥ. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿ ತಡೆದದ್ದು ಎಲ್ಲರಿಗೂ ಗೊತ್ತು, ಆ ದಾರಿ ಹಿಡಿಯದಿರುವುದು ಒಳ್ಳೆಯದು. ಚಾವಣಿಗೆ ಬಿಳಿ ಬಣ್ಣ, ನಿಲ್ಲಿಸಲು ಬೇವಿನ ನೆರಳು. ಹಿಂದಿನ ಸರ್ಕಾರಿ ಕಚೇರಿಯ ಅಂಬಾಸಡರುಗಳೆಲ್ಲ ಬಿಳಿಯಾಗಿದ್ದವು, ಕಿಟಕಿಗೆ ಪರದೆ, ಸೀಟಿಗೆ ಬಿಳಿ ಟವೆಲು, ಡ್ಯಾಶಿನ ಮೇಲೆ ಪುಟ್ಟ ಫ್ಯಾನು. ಆಡಂಬರವೆಂದು ನಾವು ನೋಡಿದ್ದು ಅರ್ಧಮಟ್ಟಿಗೆ ಬಿಸಿಲಿನ ಬುದ್ಧಿವಂತಿಕೆಯಾಗಿತ್ತು.

ಎಂಜಿನ್ನಿಗೆ ಶಕ್ತಿ ಇದೆಯೇ? ಪದ್ಮಿನಿಯದು 1089 ಸಿಸಿ, ಸುಮಾರು 40 ಅಶ್ವಶಕ್ತಿ. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 50, ಅದೇ ಅಳತೆಯ ಡೀಸೆಲ್ ಸುಮಾರು 37. ಏಸಿ ಕಂಪ್ರೆಸರ್ ಮೂರರಿಂದ ಐದು ಅಶ್ವಶಕ್ತಿ ಕೇಳುತ್ತದೆ. 1983ರಲ್ಲಿ ಬಂದ ಮಾರುತಿ 800 ಕೂಡ 40ಕ್ಕಿಂತ ಕಡಿಮೆ ಶಕ್ತಿಯದೇ, ಆದರೂ ಏಸಿ ಹೊತ್ತು ಓಡಿತು. ಆದರೆ ಅದರ ತೂಕ ಸುಮಾರು 650 ಕಿಲೋ, ಪದ್ಮಿನಿಯದು 900ರ ಹತ್ತಿರ. ಆ ವ್ಯತ್ಯಾಸ ಏರಿನಲ್ಲಿ ಗೊತ್ತಾಗುತ್ತದೆ. ನಮ್ಮ ಪುಣ್ಯಕ್ಕೆ ವಿಜಯಪುರದ ಸೀಮೆ ಸಪಾಟು. ಅಂಬಾಸಡರ್ ಪೆಟ್ರೋಲಿಗೆ ಧೈರ್ಯವಾಗಿ ಹಾಕಬಹುದು. 1990ರ ದಶಕದ ಇಸುಜು 1800 ಎಂಜಿನ್ನಿನ ಅಂಬಾಸಡರ್ ಸುಮಾರು 75 ಅಶ್ವಶಕ್ತಿಯದು, ಅದಕ್ಕೆ ಏಸಿ ಭಾರವೇ ಅಲ್ಲ. ಹಳೆಯ ಡೀಸೆಲ್ಲಿಗೆ ನಾನು ಹಾಕಿಸಲಾರೆ. ಹಾಕಿಸಿದವರು ನಾಲ್ಕು ಜನ ಕೂತಾಗ ಗೇರು ಇಳಿಸಿ ಇಳಿಸಿ ಬೇಸತ್ತಿದ್ದಾರೆ. ಪದ್ಮಿನಿ ಎರಡರ ನಡುವೆ ಬರುತ್ತದೆ. ಎಂಜಿನ್ನಿನ ಕಂಪ್ರೆಷನ್ ಚೆನ್ನಾಗಿದ್ದರೆ ಹಾಕಿಸಿ, ಹೊಗೆ ಬಿಡುತ್ತಿದ್ದರೆ ಮೊದಲು ಬೋರು, ರಿಂಗು, ಆಮೇಲೆ ಏಸಿ.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ, ಆಗ ನನಗಿದು ತಿಳಿದಿರಲಿಲ್ಲ. ಮೊದಲ ಸಲ ಒಂದು ಗ್ಯಾರೇಜಿನಲ್ಲಿ ಎರಡೇ ದಿನದಲ್ಲಿ ಏಸಿ ಕೂರಿಸಿ ಕೊಟ್ಟರು. ಊರೊಳಗೆ ಹಿಮದಂತೆ ಗಾಳಿ ಬಂತು, ಸಂತೋಷಕ್ಕೆ ಪಾರವಿರಲಿಲ್ಲ. ಮರುವಾರ ದ್ರಾಕ್ಷಿ ಸುಗ್ಗಿಯ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ತಿಕೋಟಾದ ಹತ್ತಿರ ಮೆಲ್ಲಗೆ ಸಾಗುವಾಗ ಉಷ್ಣತೆಯ ಮುಳ್ಳು ಏರಿ ಏರಿ ಕೆಂಪು ಮುಟ್ಟಿತು. ಬೋನೆಟ್ ಎತ್ತಿದರೆ ರೇಡಿಯೇಟರಿನ ಮುಚ್ಚಳದಿಂದ ಬುಸುಗುಡುತ್ತ ಉಗಿ. ಏಸಿ ಆರಿಸಿ ಅರ್ಧ ಗಂಟೆ ನಿಂತು, ನೀರು ಹೊಯ್ದು ಚಾಲೂ ಮಾಡಿದರೆ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಶಾಖಕ್ಕೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿತ್ತು. ಪಂಪಿನ ಮೇಲೆ ಹಸಿ ಬಟ್ಟೆ ಸುತ್ತಿ ತಣಿಸುವ ಹಳೆಯ ಡ್ರೈವರುಗಳ ವಿದ್ಯೆ ಅವತ್ತು ಕೈ ಹಿಡಿಯಿತು.

ಆದದ್ದು ಇಷ್ಟೇ: ನಾಲ್ಕು ಜನ ಕೂತ ಜಾಗದಿಂದ ಹೊತ್ತು ತಂದ ಮೂರೂವರೆ ಕಿಲೋವ್ಯಾಟ್ ಶಾಖ, ಅದರ ಮೇಲೆ ಕಂಪ್ರೆಸರಿನ ಸ್ವಂತ ದುಡಿಮೆಯ ಶಾಖ, ಎರಡೂ ಕೂಡಿ ಕಂಡೆನ್ಸರಿನಿಂದ ಹೊರಟು ನೇರ ರೇಡಿಯೇಟರಿನ ಮುಖಕ್ಕೆ ಹೊಡೆಯುತ್ತಿತ್ತು. 42 ಡಿಗ್ರಿ ಗಾಳಿಯಲ್ಲೇ ಹೆಣಗುತ್ತಿದ್ದ ನಲವತ್ತು ವರ್ಷದ ರೇಡಿಯೇಟರಿಗೆ ಈಗ ಇನ್ನೂ ಹತ್ತಾರು ಡಿಗ್ರಿ ಬಿಸಿಯಾದ ಗಾಳಿ. ಒಳಗಿನ ಸೆಕೆಯನ್ನು ಎಲ್ಲಿಗೆ ಕಳಿಸುತ್ತೇವೆ ಎಂದು ಯಾರೂ ಕೇಳಿಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಎಲ್ಲ ಬಿಚ್ಚಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಸಿಕ್ಕ ಉಸ್ತಾದರು ಏಸಿಯ ಮಾತೇ ಎತ್ತದೆ ಮೊದಲು ರೇಡಿಯೇಟರ್ ಇಳಿಸಿ ಬಿಸಿಲಿಗೆ ಹಿಡಿದು ತೋರಿಸಿದರು. "ನೋಡ್ರಿ ಸರ, ಅರ್ಧ ನಳಿಗಿ ಮುಚ್ಯಾವ. ಇದಕ್ಕ ತನ್ನ ಹೊಟ್ಟಿನ ತುಂಬೂದಿಲ್ಲ, ಮ್ಯಾಲ ಬೀಗರನ್ನ ಕರದೀರಿ" ಅಂದರು. ಒಂದು ಸಾಲು ಹೆಚ್ಚಿನ ನಳಿಗೆಗಳಿರುವ ಹೊಸ ಕೋರ್ ಹಾಕಿಸಿದೆವು. ಹೊರಚೌಕಟ್ಟು, ಮೇಲಿನ ಹಿತ್ತಾಳೆಯ ಟ್ಯಾಂಕು ಹಳೆಯದೇ ಉಳಿಯಿತು. ಎಂಜಿನ್ನಿನ ನೀರಿನ ದಾರಿಯನ್ನೆಲ್ಲ ಉಲ್ಟಾ ಒತ್ತಡದಲ್ಲಿ ತೊಳೆದಾಗ ಬಂದ ಕೆಂಪು ಕೆಸರು ಎರಡು ಬಕೀಟು! ನಮ್ಮ ಬೋರ್‌ವೆಲ್ ನೀರಿನ ಸುಣ್ಣ ವರ್ಷಾನುಗಟ್ಟಲೆ ಒಳಗೆ ಕಟ್ಟಿಕೊಂಡಿತ್ತು. ಅವತ್ತಿನಿಂದ ಕೂಲಂಟ್ ಬಿಟ್ಟು ಬೇರೆ ನೀರು ಹೊಯ್ದಿಲ್ಲ. ಕಂಡೆನ್ಸರನ್ನು ಈಗಿನ ಕಾಲದ ಪ್ಯಾರಲಲ್ ಫ್ಲೋ ಎಂಬ ಚಪ್ಪಟೆ ನಳಿಗೆಯದು ಆರಿಸಿದೆವು, ಹಳೆಯ ಹಾವಿನ ಸುತ್ತಿನ ಕಂಡೆನ್ಸರಿಗಿಂತ ಅದೇ ಜಾಗದಲ್ಲಿ ಹೆಚ್ಚು ಶಾಖ ಬಿಡುತ್ತದೆ. ಅದರ ಮುಂದೆ ಎಲೆಕ್ಟ್ರಿಕ್ ಫ್ಯಾನು. ರೇಡಿಯೇಟರ್ ತೀರ ಕಾದರೆ ಕಂಪ್ರೆಸರಿನ ಕ್ಲಚ್ಚನ್ನು ತಾನೇ ಬಿಡಿಸುವ ಸ್ವಿಚ್ಚು. ಈ ಸ್ವಿಚ್ಚಿಗೆ ಖರ್ಚು ಬಹಳ ಕಡಿಮೆ, ಎಂಜಿನ್ ಉಳಿಸುವುದು ಅದೇ. ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುವುದರಿಂದ ಪಂಪಿನ ಡಯಾಫ್ರಾಮ್, ಪೈಪುಗಳನ್ನೂ ಬದಲಿಸಿ, ಪೆಟ್ರೋಲ್ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿದೆವು.

ಕರೆಂಟಿನ ಲೆಕ್ಕ ಬೇರೆ. ಹಳೆಯ ಗಾಡಿಗಳ ಡೈನಮೊ ಮೈತುಂಬ ದುಡಿದರೆ 22 ಆಂಪಿಯರ್ ಸುತ್ತಮುತ್ತ ಕೊಡುತ್ತದೆ, ನಿಂತಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಏಸಿಯ ಬ್ಲೋವರ್ ಹತ್ತು-ಹದಿನೈದು, ಫ್ಯಾನು ಹತ್ತು, ಕ್ಲಚ್ಚು ಮೂರು-ನಾಲ್ಕು. ರಾತ್ರಿ ಹೆಡ್‌ಲೈಟ್ ಹಚ್ಚಿದರೆ ಬ್ಯಾಟರಿ ಖಾಲಿ. ಆಲ್ಟರ್ನೇಟರ್ ಹಾಕದೆ ಗತಿಯಿಲ್ಲ. ಪ್ರತಿಯೊಂದಕ್ಕೂ ರಿಲೇ, ಫ್ಯೂಸು, ಹೊಸ ವಯರು ಬೇಕು. ಐವತ್ತು ವರ್ಷದ ಬಟ್ಟೆ ಸುತ್ತಿದ ವಯರಿಗೆ ಈ ಭಾರ ಹೊರಿಸುವುದು ಗಾಡಿಗೆ ಬೆಂಕಿ ಇಟ್ಟಂತೆ. ಬೇರೆ ಖರ್ಚಿನಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬಾರದು.

ಇನ್ನು ಗ್ಯಾಸ್. ಕಾರಿಗೆ ಏಸಿ ಬಂದ ಕಥೆ ದೊಡ್ಡದು. 1939ರ ನವೆಂಬರಿನಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಶಿಕಾಗೊದ ಪ್ರದರ್ಶನದಲ್ಲಿ ತೋರಿಸಿದ ಏಸಿಯ ಕಾಯಿಲು ಡಿಕ್ಕಿಯಲ್ಲಿತ್ತು. ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ, ತಂಪು ಸಾಕೆನಿಸಿದರೆ ಗಾಡಿ ನಿಲ್ಲಿಸಿ ಬೆಲ್ಟು ಬಿಚ್ಚಬೇಕು! 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಗಾಡಿಯ ಮುಂಭಾಗದಲ್ಲೇ ಅಡಕ ಮಾಡಿತು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ 1976ರಲ್ಲಿ ಶುರುವಾದ ವಿಂಟೇಜ್ ಏರ್ ಎಂಬ ಕಂಪನಿ ಹಳೆಯ ಗಾಡಿಗಳಿಗೆಂದೇ ಸೆಟ್ಟು ಮಾಡುತ್ತದೆ. ನಮ್ಮ ಪದ್ಮಿನಿ, ಅಂಬಾಸಡರಿಗೆ ಮಾರುತಿ 800ರ ಅಳತೆಯ ಭಾಗಗಳನ್ನು ಕೂಡಿಸಿಕೊಳ್ಳುವುದೇ ರೂಢಿ. ಪ್ಯಾಕಾರ್ಡ್, ನ್ಯಾಶ್ ಕಾಲದ ಗ್ಯಾಸೆಲ್ಲ ಆರ್-12. ಓಝೋನ್ ಪದರಕ್ಕೆ ಅದು ಮಾಡಿದ ಹಾನಿಯಿಂದ 1987ರ ಮಾಂಟ್ರಿಯಲ್ ಒಪ್ಪಂದ ಬಂತು. ಭಾರತ 1992ರಲ್ಲಿ ಸೇರಿತು, 2008ರ ಆಗಸ್ಟಿನಲ್ಲಿ ಇಂಥ ಗ್ಯಾಸುಗಳ ತಯಾರಿಕೆ ನಿಲ್ಲಿಸಿತು. ಅದರ ಜಾಗಕ್ಕೆ ಬಂದ 134ಎ ಓಝೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ 1,430 ಪಟ್ಟು. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಅದನ್ನೂ ತಗ್ಗಿಸಲು ಹೇಳುತ್ತದೆ, ಭಾರತ 2021ರಲ್ಲಿ ಒಪ್ಪಿದೆ.

ಗ್ಯಾರೇಜಿನಲ್ಲಿ ಇದರ ಅರ್ಥ ಏನು? 1980ರ ದಶಕದಲ್ಲಿ ಹಾಕಿಸಿದ ಹಳೆಯ ಸೆಟ್ಟು ನಿಮ್ಮ ಗಾಡಿಯಲ್ಲಿದ್ದರೆ ಅದಕ್ಕೆ ಸುಮ್ಮನೆ 134ಎ ತುಂಬಿಸಬೇಡಿ. ಆರ್-12ರ ಮಿನರಲ್ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ, ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪಿನ ಮೈಯಿಂದಲೇ 134ಎ ಸೋರುತ್ತದೆ, ಒಳಪದರ ಇರುವ ಬ್ಯಾರಿಯರ್ ಪೈಪೇ ಬೇಕು. ತುಂಬಿಸುವ ಮೊದಲು ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಪಂಪು ಹಚ್ಚಿ, ಮುಳ್ಳು ಇದ್ದಲ್ಲೇ ನಿಲ್ಲುವುದನ್ನು ನೋಡಿ. ಅಡುಗೆ ಗ್ಯಾಸಿನ ಜಾತಿಯ ಅಗ್ಗದ ಗ್ಯಾಸನ್ನು ತುಂಬುತ್ತೇವೆ ಎನ್ನುವವರೂ ಇದ್ದಾರೆ. ತಂಪು ಬರುತ್ತದೆ, ನಿಜ. ಆದರೆ ಡ್ಯಾಶಿನ ಕೆಳಗೆ, ಮಕ್ಕಳ ಕಾಲ ಬಳಿ, ಸೋರಿದರೆ ಹೊತ್ತಿಕೊಳ್ಳುವ ವಸ್ತು. ಅಂಥ ಗ್ಯಾರೇಜಿನಿಂದ ಗಾಡಿ ತಿರುಗಿಸಿಕೊಂಡು ಬನ್ನಿ.

ಇಡೀ ಕೆಲಸದಲ್ಲಿ ನನ್ನ ಕಣ್ಣಿಗೆ ಕಟ್ಟಿರುವುದು ಕಂಪ್ರೆಸರಿನ ಬ್ರಾಕೆಟ್ಟು. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಉಸ್ತಾದರು ಸೀರೆ ಡಬ್ಬದ ರಟ್ಟು ಕತ್ತರಿಸಿ, ಎಂಜಿನ್ನಿನ ಪಕ್ಕಕ್ಕೆ ಹಿಡಿದು, ಎಂಜಿನ್ನಿಗೆ ಮೊದಲೇ ಇದ್ದ ಬೋಲ್ಟುಗಳ ಜಾಗವನ್ನು ಗ್ರೀಸ್ ಬೆರಳಿನಿಂದ ಒತ್ತಿ ಗುರುತು ಮಾಡಿಕೊಂಡರು. ಆ ರಟ್ಟಿನ ಅಳತೆಗೆ ಲೇಥಿನವರು 10 ಮಿಲಿಮೀಟರಿನ ಪ್ಲೇಟು ಕೊಯ್ದು ಕೊಟ್ಟರು. ಕೂರಿಸಿ ಬೆಲ್ಟು ಹಾಕುವ ಮುಂಚೆ ಉಸ್ತಾದರು ಕ್ರ್ಯಾಂಕ್ ಪುಲ್ಲಿಯಿಂದ ಕಂಪ್ರೆಸರ್ ಪುಲ್ಲಿಯವರೆಗೆ ಒಂದು ಬಿಳಿ ದಾರ ಎಳೆದು, ಒಂದು ಕಣ್ಣು ಮುಚ್ಚಿ ನೋಡಿದರು. ದಾರ ಪುಲ್ಲಿಯ ಅಂಚನ್ನು ಒಂದು ಕಡೆ ಮುಟ್ಟಿ ಇನ್ನೊಂದು ಕಡೆ ಕೂದಲೆಳೆಯಷ್ಟು ಬಿಟ್ಟಿತ್ತು. ಬಿಚ್ಚಿ ತೆಳು ವಾಷರ್ ಕೊಟ್ಟರು, ಮತ್ತೆ ದಾರ. ಮೂರು ಸಲ. "ಈಗ ಕೂದಲಷ್ಟ ಬಿಟ್ರ, ಆರು ತಿಂಗಳಕ ಬೆಲ್ಟ್ ಹರದ ನಿಮ್ಮನ್ನ ಬಯಲಾಗ ನಿಂದರಸ್ತದ" ಅಂದರು.

ಅವರಿಗೆ ನಾನು ಹಾಕಿದ್ದ ಷರತ್ತು ಒಂದೇ. ಗಾಡಿಯ ತಗಡಿನಲ್ಲಿ ಹೊಸ ತೂತು ಕೊರೆಯಬಾರದು, ಏನನ್ನೂ ಕೊಯ್ಯಬಾರದು. ಕಷ್ಟವಾಯಿತು, ಆದರೂ ನಡೆಸಿಕೊಟ್ಟರು. ಗ್ಯಾಸಿನ ಪೈಪುಗಳು ಮೊದಲೇ ಇದ್ದ ತೂತುಗಳಲ್ಲೇ ಹಾದವು. ಈ ಪದ್ಮಿನಿಯ ಗೇರು ಸ್ಟೀರಿಂಗಿನ ಪಕ್ಕಕ್ಕಿರುವುದರಿಂದ ನೆಲದ ನಡುವೆ ಜಾಗ ಖಾಲಿ. ಕೂಲಿಂಗ್ ಕಾಯಿಲಿನ ಕಪ್ಪು ಪೆಟ್ಟಿಗೆ ಡ್ಯಾಶಿನ ಕೆಳ ಅಂಚಿನ ಸ್ಕ್ರೂಗಳಿಗೇ ತೂಗಿಕೊಂಡು ಅಲ್ಲಿ ಕೂತಿತು. ಮೇಲಿನ ಮೀಟರು, ಗುಂಡಿ, ಉದ್ದ ಸೀಟು, ಯಾವುದೂ ಅಲುಗಲಿಲ್ಲ. ಏಸಿ ಹಾಕಿದಾಗ ಎಂಜಿನ್ ಆರದಂತೆ ಐಡಲನ್ನು ತುಸು ಏರಿಸಿದ್ದೇವೆ. ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ ನಾನು ಕೈಯಿಂದಲೇ ಏಸಿ ಆರಿಸುತ್ತೇನೆ, ಅದು ಈಗ ಗೇರು ಬದಲಿಸಿದಷ್ಟೇ ಅಭ್ಯಾಸ.

ಹೋದ ಮೇ ತಿಂಗಳಲ್ಲಿ ಅವ್ವನನ್ನು ಕೂರಿಸಿಕೊಂಡು ಬಬಲೇಶ್ವರಕ್ಕೆ ಮದುವೆಗೆ ಹೋದೆ. ಗಾಳಿ ಬರುವ ಬಾಯಿಗೆ ಥರ್ಮಾಮೀಟರ್ ಸಿಕ್ಕಿಸಿದ್ದೆ, 11 ಡಿಗ್ರಿ ತೋರಿಸಿತು. ಕಾರಿನೊಳಗೆ 27. ಹೊಸ ಕಾರಿನಷ್ಟು ತಂಪಲ್ಲ, ಆದರೆ ಅವ್ವ ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ಉಷ್ಣತೆಯ ಮುಳ್ಳು ನಡುವಿಗಿಂತ ಎರಡು ಗೆರೆ ಮೇಲೆ ಹೋಗಿ ಅಲ್ಲೇ ನಿಂತಿತ್ತು. ಬರುವಾಗಲೂ ಬಸ್ಸಿನ ಮಾತು ಬರಲಿಲ್ಲ.

ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿದೆ. ಗಾಡಿಯಿಂದ ಬಿಚ್ಚಿದ ಡೈನಮೊ, ಅದರ ಕಟೌಟು, ಹಳೆಯ ಪುಲ್ಲಿ, ಹಳೆಯ ರೇಡಿಯೇಟರ್ ಕೋರು, ಪಂಪಿನ ಮೊದಲಿನ ಡಯಾಫ್ರಾಮ್, ಇಪ್ಪತ್ತಮೂರು ಬೋಲ್ಟುಗಳು, ಎಲ್ಲವನ್ನೂ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಅದರಲ್ಲಿಟ್ಟಿದ್ದೇನೆ. ಪ್ರತಿಯೊಂದಕ್ಕೂ ಯಾವುದು ಎಲ್ಲಿಯದು ಎಂದು ಬರೆದ ಚೀಟಿ ಕಟ್ಟಿದೆ. ಗಾಡಿ ಮುಂದೆ ಯಾರ ಕೈಗೆ ಹೋದರೂ ಆ ಟ್ರಂಕು ಅದರ ಜೊತೆಗೇ ಹೋಗಬೇಕೆಂದು ಮಗಳಿಗೆ ಹೇಳಿದ್ದೇನೆ.